ಒಡೆದ ಪಿಂಗಾಣಿಗೆ ಮರದ ತೇಪೆ

ಮುಂಬಯಿಯಲ್ಲಿ ಕನ್ನಡಿಗರು ನಾಲ್ವರು ಸೇರಿದಲ್ಲಿ ಸುದರ್ಶನ ಶೆಟ್ಟಿಯವರ ಮಾತು ಬಂದರೆ ಮೊದಲು ಕೇಳಿಬರುವ ಪ್ರಶ್ನೆ, 'ಇವರು ನಮ್ಮವರಲ್ಲವೇ?' ಎಂಬುದು. ಹೌದು, ನಮ್ಮವರೇ. 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ತಂದೆ ಅಡ್ವೆ ವಾಸು ಶೆಟ್ಟರು ಯಕ್ಷಗಾನ ಕಲಾವಿದರು, ಕೂಸಾಗಿದ್ದಾಗಲೇ ಸಂಸಾರ ಮುಂಬಯಿಗೆ ಬಂತು, 1985ರಲ್ಲಿ ಜೆ. ಜೆ. ಕಲಾಶಾಲೆಯಿಂದ ಚಿತ್ರಕಲೆಯಲ್ಲಿ ಪದವಿ. ಇಷ್ಟನ್ನು ಕೇಳಿ ಸಂತೋಷಪಟ್ಟವರು ಪ್ರದರ್ಶನಕ್ಕೆ ಹೋಗಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಎತ್ತುತ್ತಾರೆ: 'ಅದೆಲ್ಲ ಸರಿ, ಆದರೆ ಅವರ ಕೃತಿಗಳಲ್ಲಿ ನಮ್ಮ ಊರು ಎಲ್ಲಿದೆ?' ಈ ಎರಡನೆಯ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ವಿಷಯದಲ್ಲಿ ಈ ತೊಡಕು ಇರಲಿಲ್ಲ. 1911ರಲ್ಲಿ ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯನ್ನೇ ಕರ್ಮಭೂಮಿ ಮಾಡಿಕೊಂಡು, 1996ರಲ್ಲಿ ಇಲ್ಲಿಯೇ ತೀರಿಕೊಂಡ ಹೆಬ್ಬಾರರು ಕುಣಿಯುವ ಮೈಗಳನ್ನೂ ದುಡಿಯುವ ಜನರನ್ನೂ ಒಂದೇ ಎಳೆಯ ಗೆರೆಯಲ್ಲಿ ಹಿಡಿದರು. ನೋಡಿದವರು ಗುರುತು ಹಿಡಿದರು, ಹಿಗ್ಗಿದರು. ಶೆಟ್ಟರ ಕೃತಿಗಳಲ್ಲಿ ಅಡಿಕೆ ತೋಟವಿಲ್ಲ, ಕಂಬಳದ ಕೋಣವಿಲ್ಲ, ಭೂತದ ಅಣಿಯಿಲ್ಲ, ತಂದೆಯವರ ಯಕ್ಷಗಾನದ ಕಿರೀಟವೂ ಇಲ್ಲ. ಇರುವುದು ಒಡೆದ ಕಪ್ಪು-ಬಸಿಗಳು, ಹಳೆಯ ಬಾಗಿಲುವಾಡಗಳು, ಮೋಟಾರಿನಿಂದ ತಿರುಗುವ ಯಂತ್ರಗಳು, ಚಲನಚಿತ್ರದ ತೆರೆಗಳು. ಚಿತ್ರ, ಶಿಲ್ಪ, ಬಡಗಿಯ ಕೆಲಸ, ಹಾಡು, ಸಿನಿಮಾ ಎಲ್ಲವನ್ನೂ ಕಲೆಸಿ ಕೋಣೆಯೊಂದರಲ್ಲಿ ಹೂಡುವ ಈ ಬಗೆಯ ಕಲೆಗೆ ನಮ್ಮಲ್ಲಿ 'ಪ್ರತಿಷ್ಠಾಪನ ಕಲೆ' ಎಂಬ ಹೆಸರು ರೂಢಿಗೆ ಬಂದಿದೆ. ಹೆಸರಿಗೆ ದೇವಸ್ಥಾನದ ವಾಸನೆ ಸ್ವಲ್ಪ ಹೆಚ್ಚಾಯಿತು, ಇರಲಿ.

ಶೆಟ್ಟರು ಮಾಡಿದ್ದೆಲ್ಲವನ್ನೂ ಒಪ್ಪಿಕೊಳ್ಳುವವರು ನಾವಲ್ಲ. 2006ರ ಅವರ ಕೃತಿಯೊಂದರಲ್ಲಿ ಉಕ್ಕಿನ ಡೈನೋಸಾರಿನ ಅಸ್ಥಿಪಂಜರವೊಂದು ಜಾಗ್ವಾರ್ ಕಾರಿನ ಮೇಲೇರಿತ್ತು. ಅದರ ಹೆಸರು 'ಲವ್'. ಜನ ಬೆರಗಾದರು, ನಕ್ಕರು, ಮನೆಗೆ ಹೋದರು. 2012ರಲ್ಲಿ ಬಾಂದ್ರಾ-ಕುರ್ಲಾ ಸಂಕುಲದಲ್ಲಿ ಅವರು ನಿಲ್ಲಿಸಿದ ರೆಕ್ಕೆಯ ಬಸ್ಸು ಇದಕ್ಕಿಂತ ಪ್ರೀತಿಯ ಕೆಲಸ. ನಮ್ಮ ಹಿರಿಯರನ್ನು ಕೆಲಸಕ್ಕೂ ರಾತ್ರಿಶಾಲೆಗೂ ಸಾಗಿಸಿದ ಕೆಂಪು ಡಬಲ್ ಡೆಕ್ಕರಿಗೆ ರೆಕ್ಕೆ ಮೂಡಿಸಿದ್ದು ಯಾರಿಗೆ ತಾನೆ ಹಿಡಿಸದು? ಆದರೂ ಗಾಜಿನ ಕಚೇರಿ ಕಟ್ಟಡಗಳ ನಡುವೆ ನಿಂತ ಆ ಬಸ್ಸು ದೊಡ್ಡ ಆಟಿಕೆಯಾಗಿಯೇ ಉಳಿಯಿತೆಂದು ನಮಗೆ ತೋರುತ್ತದೆ. ಬಸ್ಸಿಗಾಗಿ ಸಾಲಿನಲ್ಲಿ ಕಾದವರ ದಣಿವು ಅದರಲ್ಲಿ ಇರಲಿಲ್ಲ.

ಶೆಟ್ಟರ ಕೈ ಪಳಗಿದ್ದು ಪಿಂಗಾಣಿಯಲ್ಲಿ. 2014ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನದ ಹೆಸರನ್ನು ಕನ್ನಡದಲ್ಲಿ 'ಒಡೆದ ಪ್ರತಿ ಕ್ಷಣ, ಚೂರು ಚೂರಾಗಿ' ಎನ್ನಬಹುದು. ಹೂಜಿ, ಬಟ್ಟಲು, ಚಹದ ಕೆಟಲು, ಇವು ಒಡೆದಿವೆ. ಕಳೆದುಹೋದ ಭಾಗದ ಜಾಗಕ್ಕೆ ಮರವನ್ನು ಕೆತ್ತಿ, ಅಂಚಿಗೆ ಅಂಚು ಕೂಡುವಂತೆ ಕೂಡಿಸಿದೆ. ಬಿಳಿ ಪಿಂಗಾಣಿಯ ಮೇಲಿನ ನೀಲಿ ಹೂವು ಬಿರುಕಿನವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ಕಂದು ಮರ, ಅದರ ಎಳೆ, ಅದರ ಗಂಟು. ಆಕಾರ ಪೂರ್ತಿಯಾಗಿದೆ, ಪಾತ್ರೆ ಪೂರ್ತಿಯಾಗಿಲ್ಲ. ಅದರಲ್ಲಿ ಚಹ ಹೊಯ್ಯುವ ಹಾಗಿಲ್ಲ. ಮರ ಹೀರಿಕೊಂಡು ಉಬ್ಬುತ್ತದೆ, ಕೂಡಿಸಿದ ಜಾಗ ಬಿಡುತ್ತದೆ.

ಒಡಕನ್ನು ಮುಚ್ಚಿಡದೆ ಸರಿಪಡಿಸುವ ಕ್ರಮ ಹೊಸದಲ್ಲ. ಜಪಾನಿನಲ್ಲಿ ಬಿರುಕಿಗೆ ಅರಗು ತುಂಬಿ ಚಿನ್ನದ ಪುಡಿ ಹಚ್ಚುತ್ತಾರೆ. ಅಲ್ಲಿ ಒಡೆದ ಚೂರುಗಳೇ ಮರಳಿ ಒಂದಾಗುತ್ತವೆ. ಶೆಟ್ಟರಲ್ಲಿ ಚೂರು ಸಿಗುವುದೇ ಇಲ್ಲ. ಅದರ ಬದಲಿಗೆ ಬರುವುದು ಬೇರೆ ಜಾತಿಯ ವಸ್ತು, ಅದೂ ಹೊಸ ಮರವಲ್ಲ. ಕೆಡವಿದ ಹಳೆಯ ಮನೆಗಳ ತೊಲೆ-ಕಂಬಗಳಿಂದ ಬಂದದ್ದು. ಅಂದರೆ ಒಂದು ಮನೆಯ ಒಡೆದ ಪಾತ್ರೆಗೆ ಇನ್ನೊಂದು ಮನೆಯ ಒಡೆದ ಗೋಡೆಯಿಂದ ತೇಪೆ. ಊರಲ್ಲಿ ಬಿಟ್ಟುಬಂದದ್ದನ್ನು ಇಲ್ಲಿ ಸಿಕ್ಕಿದ್ದರಿಂದ ತುಂಬಿಸಿಕೊಂಡವರಲ್ಲವೇ ನಾವೆಲ್ಲ? ಪಾಲಿಸಿದ ಅಕ್ಕಿಯ ಬದಲಿಗೆ ಪೇಟೆಯ ಅಕ್ಕಿ, ನಾಗಬನದ ಬದಲಿಗೆ ಕಟ್ಟಡದ ಮೂಲೆಯ ಅಶ್ವತ್ಥ, ಅತ್ತೆ-ಮಾವಂದಿರ ಬದಲಿಗೆ ಚಾಳಿನ ನೆರೆಯ ಮರಾಠಿ ತಾಯಿ. 'ನಮ್ಮ ಊರು ಎಲ್ಲಿದೆ' ಎಂದು ಕೇಳುವವರಿಗೆ ನಾವು ತೋರಿಸುವುದು ಆ ಕೂಡಿಸಿದ ಗೆರೆಯನ್ನು. ಹೆಬ್ಬಾರರು ಊರನ್ನು ಬಿಟ್ಟುಬಂದ ತಲೆಮಾರಿನವರು. ಅವರಿಗೆ ಬರೆಯಲು ಊರಿತ್ತು. ತೊಡೆಯ ಮೇಲಿದ್ದಾಗಲೇ ಊರು ಬಿಟ್ಟ ಮಗುವಿಗೆ ಇರುವುದು ಮನೆಯವರ ಮಾತಿನ ಊರು. ಅದನ್ನು ತೆಂಗಿನ ಮರ ಬರೆದು ತೋರಿಸಿದರೆ ಸುಳ್ಳಾದೀತು.

ಹಳೆಯ ಮರದ ಮಾತು ಬಂದದ್ದರಿಂದ ಘೋಟಿಯನ್ನು ನೆನೆಯಬೇಕು. ಕಸಾರಾ ಘಾಟು ಹತ್ತಿ ಇಗತ್‌ಪುರಿ ದಾಟಿದರೆ ಸಿಗುವ ಈ ಪೇಟೆ ನಮ್ಮಲ್ಲಿ ಅನೇಕರಿಗೆ ನಾಸಿಕ-ಶಿರ್ಡಿಯ ದಾರಿಯಲ್ಲಿ ಕಂಡ ಹೆಸರು: ಅಕ್ಕಿಯ ಗಿರಣಿಗಳು, ಸುರಿಯುವ ಮಳೆ, ದೂರದಲ್ಲಿ ಕಳಸೂಬಾಯಿ ಶಿಖರ, ಹೆದ್ದಾರಿಯ ಮೇಲೆ ಲಾರಿಗಳ ಸಾಲು. ಈ ಸೀಮೆಯಲ್ಲಿ ಹಳೆಯ ವಾಡೆ ಕೆಡವಿದಾಗ ಇಟ್ಟಿಗೆ-ಮಣ್ಣಿಗೆ ಬೆಲೆಯಿಲ್ಲ. ಸಾಗುವಾನಿಗೆ ಮಾತ್ರ ಗಿರಾಕಿ ಕಾದಿರುತ್ತಾನೆ. ಬಾಗಿಲ ಚೌಕಟ್ಟು ಲಾರಿಯೇರಿ ಪಟ್ಟಣ ಸೇರುತ್ತದೆ, ಯಾರದೋ ಬಂಗಲೆಯಲ್ಲಿ ಅಲಂಕಾರವಾಗುತ್ತದೆ. ಮನುಷ್ಯರು ಹೋದ ದಾರಿಯಲ್ಲೇ ಮರವೂ ಹೋಗುತ್ತದೆ. ಶೆಟ್ಟರ ಕೃತಿಯಲ್ಲಿ ಕೂತ ತುಂಡು ಯಾವ ಊರಿನದೆಂದು ಅದರ ಮೇಲೆ ಬರೆದಿರುವುದಿಲ್ಲ. ಬರೆದಿದ್ದರೆ ಒಳ್ಳೆಯದಿತ್ತು ಎಂಬುದು ನಮ್ಮ ಒಂದು ತಕರಾರು.

ಈ ತಕರಾರು ಗಟ್ಟಿಯಾಗುವುದು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಕೆಲಸವನ್ನು ಪಕ್ಕದಲ್ಲಿಟ್ಟಾಗ. 2012ರಲ್ಲಿ ಕೊಚ್ಚಿಯ ಮೊದಲ ಬಿಯೆನಾಲೆಗೆ ಅವರು ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಒಯ್ದದ್ದು ರುಬ್ಬುವ ಕಲ್ಲುಗಳನ್ನು, ಸುಮಾರು 170. ಬೆಂಗಳೂರಿನ ಹಳೆಯ ಮನೆಗಳನ್ನು ಕೆಡವಿ ಮಹಡಿ ಎಬ್ಬಿಸುವಾಗ ಮಿಕ್ಸಿಯ ಕಾಲಕ್ಕೆ ಬೇಡವಾದ ಒರಳುಗಳನ್ನು ಜನ ಬೀದಿಬದಿಯಲ್ಲಿ ಇಟ್ಟುಬಿಟ್ಟಿದ್ದರು. ಒಡೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಅವುಗಳನ್ನು ಎತ್ತಿ ಮಸಾಲೆ ವ್ಯಾಪಾರದ ಹಳೆಯ ಉಗ್ರಾಣಕ್ಕೆ ತಂದಿಟ್ಟ ಆ ಕೃತಿಯ ಹೆಸರು 'ಸ್ಟಾಪ್‌ಓವರ್', ಎಂದರೆ ನಡುದಾರಿಯ ತಂಗುವಿಕೆ. ಕರಾವಳಿಯ 'ಕಡೆಯುವ ಕಲ್ಲಿ'ನ ಮೇಲೆಯೇ ಮುಂಬಯಿಯ ಉಡುಪಿ ಹೊಟೇಲಿನ ಇಡ್ಲಿ-ದೋಸೆ ನಿಂತಿತ್ತು ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ವಿದ್ಯುತ್ತಿನ ಗ್ರೈಂಡರು ಬಂದ ಮೇಲೆ ಹಿತ್ತಿಲಿಗೆ ಸರಿದ ಆ ಕಲ್ಲನ್ನು ಎತ್ತಿ ಎಸೆಯಿರಿ ಎಂದರೆ ಮುದುಕಿಯರು ಒಪ್ಪುವುದಿಲ್ಲ.

ಇದೇ ಕಲಾವಿದೆ 2006ರಲ್ಲಿ ಡಾಂಬರಿನ ಪೀಪಾಯಿಗಳಿಂದ ಕಟ್ಟಿದ 'ಡಾರ್ಕ್‌ರೂಮ್' ಇನ್ನೂ ಕಟುವಾದುದು. ರಸ್ತೆ ಹಾಕುವ ಕೂಲಿಗಳು ಖಾಲಿ ಪೀಪಾಯಿಯನ್ನು ಬಡಿದು ಹಾಳೆ ಮಾಡಿ ಗುಡಿಸಲು ಹಾಕಿಕೊಳ್ಳುವುದನ್ನು ಕಂಡು ಮಾಡಿದ ಕೃತಿ. ಬಗ್ಗಿ ಒಳಹೊಕ್ಕರೆ ಕತ್ತಲೆ, ತಲೆಯ ಮೇಲೆ ಸಣ್ಣ ತೂತುಗಳ ಬೆಳಕು ನಕ್ಷತ್ರಗಳ ಹಾಗೆ. ಮಹಾರಾಷ್ಟ್ರದ ಹೆದ್ದಾರಿಗಳ ಬದಿಯಲ್ಲಿ ಇಂಥ ಗುಡಿಸಲುಗಳ ಮುಂದೆ ಕನ್ನಡದಲ್ಲಿ ಮಗುವನ್ನು ಗದರಿಸುವ ದನಿ ಕೇಳಿದವರು ನಮ್ಮಲ್ಲಿ ಇದ್ದೇ ಇದ್ದಾರೆ. ವಿಜಾಪುರ, ಕಲಬುರ್ಗಿ ಕಡೆಯವರು. ಅವರೂ ವಲಸೆ ಬಂದ ಕನ್ನಡ ಸಂಸಾರಗಳೇ. ಸಂಘಗಳ ಸದಸ್ಯರ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಸಿಗುವುದು ಅಪರೂಪ. ಶೀಲಾ ಗೌಡರ ವಸ್ತುಗಳಿಗೆ ಬೆವರಿನ ಗುರುತು ಉಳಿದಿದೆ. ಶೆಟ್ಟರ ಮರ ಉಜ್ಜಿ, ನಯ ಮಾಡಿ, ಚೆಂದವಾಗಿ ನಿಂತಿದೆ. ಆ ಚೆಂದ ಕೆಲವೊಮ್ಮೆ ನೋವನ್ನು ಒರಸಿಬಿಡುತ್ತದೆ.

ಆದರೆ 2016ರ 'ಶೂನ್ಯ ಘರ್' ಎದುರಾದಾಗ ಈ ತಕರಾರು ಮೆತ್ತಗಾಗುತ್ತದೆ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಅವರು ಹಳೆಯ ಮರದಿಂದ ಹೆಬ್ಬಾಗಿಲು, ಕಂಬ, ಮಂಟಪಗಳನ್ನು ನಿಲ್ಲಿಸಿದರು. ಜೊತೆಗೆ ಒಂದು ಚಲನಚಿತ್ರ: ಬಯಲಿನಲ್ಲಿ ಅದೇ ಕಟ್ಟೋಣ ಏಳುತ್ತದೆ, ಅದರ ಸುತ್ತ ಹುಟ್ಟು, ಆಟ, ಪ್ರೇಮ, ಸಾವುಗಳು ನಡೆದು ಹೋಗುತ್ತವೆ. ತೆರೆಯ ಮೇಲೆ ಕಂಡ ಬಾಗಿಲು ನೋಡುವವನ ಮುಂದೆಯೇ ನಿಂತಿದೆ, ಹೊಕ್ಕರೆ ಮನೆ ಇಲ್ಲ. ಊರಿನ ಮನೆ ಪಾಲಾಗಿ, ಮಾರಾಟವಾಗಿ, ಕೊನೆಗೆ ಭಾವಚಿತ್ರದಲ್ಲಿ ಮಾತ್ರ ಉಳಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಈ ಕೃತಿಯ ಬೇರು ಗೋರಖನಾಥರ ಹೆಸರಿನಲ್ಲಿರುವ ಒಂದು ನಿರ್ಗುಣ ಪದದಲ್ಲಿದೆ. ಆ ಪದವನ್ನು ನಮ್ಮ ಕಾಲದ ಕಿವಿಗೆ ತಲುಪಿಸಿದವರು ಕುಮಾರ ಗಂಧರ್ವರು. 1924ರಲ್ಲಿ ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರಾಗಿ ಹುಟ್ಟಿ, ಮುಂಬಯಿಯಲ್ಲಿ ದೇವಧರರಲ್ಲಿ ಕಲಿತು, ಕ್ಷಯರೋಗಕ್ಕೆ ಒಣಹವೆ ಬೇಕೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದವರು. ಅಲ್ಲಿ ಹಾಸಿಗೆ ಹಿಡಿದಿದ್ದಾಗ ಮಾಳವದ ಜನಪದ ಹಾಡುಗಳು ಅವರ ಕಿವಿಯ ಮೇಲೆ ಬಿದ್ದವು. ಮುಂದೆ ನಿರ್ಗುಣ ಪದಗಳು ಅವರ ಕಂಠದಲ್ಲಿ ಹೊಸ ಜೀವ ಪಡೆದವು. ಘೋಟಿಯ ಮೇಲೆ ಹಾಯುವ ಮುಂಬಯಿ-ಆಗ್ರಾ ರಸ್ತೆಯೇ ದೇವಾಸದ ಮೇಲೂ ಹಾಯುತ್ತದೆ.

ನಾಥರದೂ ಒಂದು ದಾರಿಯಿದೆ, ಅದು ತಿರುಗಿ ಮಂಗಳೂರಿಗೇ ಬರುತ್ತದೆ. ಘೋಟಿಗೆ ಸಮೀಪದ ತ್ರ್ಯಂಬಕೇಶ್ವರದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುಂಭಮೇಳ ಮುಗಿದ ಮೇಲೆ ನಾಥಪಂಥದ ಜೋಗಿಗಳ ತಂಡ ಕಾಲ್ನಡಿಗೆಯಲ್ಲಿ ಹೊರಟು, ತಿಂಗಳುಗಟ್ಟಲೆ ನಡೆದು ಮಂಗಳೂರಿನ ಕದ್ರಿಯ ಜೋಗಿ ಮಠವನ್ನು ಸೇರುತ್ತದೆ. ಅಲ್ಲಿ ಹೊಸ ಅರಸನಿಗೆ ಪಟ್ಟವಾಗುತ್ತದೆ. 2015ರ ಕುಂಭದ ನಂತರ ಹೊರಟವರು ಕದ್ರಿ ತಲುಪಿದ್ದು 2016ರಲ್ಲಿ, 'ಶೂನ್ಯ ಘರ್' ದೆಹಲಿಯಲ್ಲಿ ನಿಂತ ವರ್ಷ. ಇದನ್ನು ಶೆಟ್ಟರು ಉದ್ದೇಶಿಸಿದ್ದರೆಂದು ನಾವು ಹೇಳುತ್ತಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಲಾವಿದ ಗೋರಖನ ಪದವನ್ನು ಹಿಡಿದದ್ದನ್ನು ಉತ್ತರದ ಸಾಲ ಎನ್ನುವವರು ಮಾತ್ರ ಈ ದಾರಿಯನ್ನು ಒಮ್ಮೆ ನೆನೆಯಲಿ. ಊರು ಅವರ ಕೃತಿಯಲ್ಲಿ ಇಲ್ಲ ಎನ್ನುವ ಮೊದಲು ನಮ್ಮ ಊರು ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಿಕೊಳ್ಳಬೇಕಾಗುತ್ತದೆ. ಅದೇ ವರ್ಷಾಂತ್ಯದಲ್ಲಿ ಕೊಚ್ಚಿಯ ಮೂರನೆಯ ಬಿಯೆನಾಲೆಯನ್ನು ರೂಪಿಸಿದವರೂ ಶೆಟ್ಟರೇ. ಅದು ಬೇರೆಯೇ ಲೇಖನದ ವಿಷಯ.

ಕನ್ನಡಕ್ಕೆ ಅವರು ನೇರವಾಗಿ ಬಂದದ್ದು 2016ರ ಇನ್ನೊಂದು ಚಿತ್ರದಲ್ಲಿ. ಅದರ ಹೆಸರೇ 'ಎ ಸಾಂಗ್, ಎ ಸ್ಟೋರಿ'. ಆಧಾರ ನಮ್ಮದೇ ಜನಪದ ಕತೆ. ಮೈಸೂರಿನಿಂದ ಶಿಕಾಗೋವರೆಗೆ ವಲಸೆ ಹೋದ ಎ. ಕೆ. ರಾಮಾನುಜನ್ನರು ತಮ್ಮ ಇಂಗ್ಲಿಷ್ ಸಂಕಲನದಲ್ಲಿ ಸೇರಿಸಿ ಲೋಕಕ್ಕೆ ತಿಳಿಸಿದ್ದು. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಹೊರಬಿದ್ದು ಗಂಡಸಿನ ಜೋಡು ಮತ್ತು ಅಂಗಿಯ ರೂಪ ತಾಳಿದವು. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ಸಿಟ್ಟಿನಿಂದ ಹನುಮಂತನ ಗುಡಿಯಲ್ಲಿ ಮಲಗಿದವನಿಗೆ, ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ಅಲ್ಲಿ ಕೂಡಿ ಆಡುವ ಮಾತಿನಿಂದ ನಿಜ ತಿಳಿಯುತ್ತದೆ. ಮರಳಿ ಬಂದು ಹೆಂಡತಿಯನ್ನು ಕೇಳಿದರೆ ಆಕೆಗೆ ಅಂಥ ಕತೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ.

ಈ ಕತೆಯನ್ನು ಆರಿಸಿಕೊಂಡದ್ದು ಶೆಟ್ಟರು ಮಾಡಿದ ಅತ್ಯಂತ ಆತ್ಮೀಯ ಕೆಲಸವೆಂದು ನಮ್ಮ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಅಜ್ಜಿ ತುಳುವಿನಲ್ಲಿ, ಇಲ್ಲವೆ ಧಾರವಾಡದ ಕನ್ನಡದಲ್ಲಿ ಕೇಳುತ್ತಾಳೆ. ಮಗ ಹಿಂದಿಯಲ್ಲಿ ಉತ್ತರಿಸುತ್ತಾನೆ. ಮೊಮ್ಮಗಳು ಇಂಗ್ಲಿಷಿನಲ್ಲಿ 'ಏನಂತೆ?' ಎನ್ನುತ್ತಾಳೆ. ಮಕ್ಕಳ ಓದಿಗೆ ತೊಡಕಾದೀತೆಂದು ನಾವು ನಾವೇ ಬಾಯಿ ಕಟ್ಟಿಕೊಂಡೆವು. ಹಾಗೆ ಒಳಗುಳಿದ ಕತೆ ಬಾಗಿಲಲ್ಲಿ ಯಾರದೋ ಜೋಡಾಗಿ ಬಿದ್ದಿದ್ದರೆ ಮನೆಯ ಮಂದಿ ಒಬ್ಬರನ್ನೊಬ್ಬರು ಅಪರಿಚಿತರೆಂದು ಸಂಶಯಿಸುವುದರಲ್ಲಿ ಆಶ್ಚರ್ಯವೇನು?

ಚಿತ್ರದ ಮೇಲೆಯೂ ನಮಗೆ ಒಂದು ಆಕ್ಷೇಪವಿದೆ. ಅದಕ್ಕೆ ಹಣ ಒದಗಿಸಿದ್ದು ರೋಲ್ಸ್ ರಾಯ್ಸ್ ಕಾರು ಕಂಪನಿಯ ಕಲಾಯೋಜನೆ. ಕಲಾವಿದ ಹಣವನ್ನು ಎಲ್ಲಿಂದ ತಂದನೆಂಬುದು ನಮ್ಮ ವಿಷಯವಲ್ಲ. ಹಿತ್ತಿಲ ಕಟ್ಟೆಯಲ್ಲಿ ಕೂತು ಹೇಳುತ್ತಿದ್ದ ಕತೆಯ ಶ್ರೋತೃಗಳು ಯಾರೆಂಬುದು ವಿಷಯ. ಇಂಥ ಕೃತಿಗಳು ದೆಹಲಿ, ವಿಯೆನ್ನಾ, ಬ್ರಸೆಲ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತವೆ. ಘೋಟಿಯ ಹೆದ್ದಾರಿಯಲ್ಲಿ ಗಲ್ಲೆಯ ಮೇಲೆ ಕೂತವರಿಗೆ, ಕಲ್ಯಾಣ-ಡೊಂಬಿವಲಿಯ ನಮ್ಮ ಅಕ್ಕ-ತಂಗಿಯರಿಗೆ ಅವು ಎಟಕುವುದು ಅಕಸ್ಮಾತ್ತಾಗಿ. ತಪ್ಪು ಒಂದೇ ಕಡೆಯದಲ್ಲ. ಗ್ಯಾಲರಿಯೆಂದರೆ ಟಿಕೇಟು ಕೇಳುತ್ತಾರೆಂದೋ ಇಂಗ್ಲಿಷು ಬೇಕೆಂದೋ ತಿಳಿದು ಹೊರಗಿನಿಂದಲೇ ಹಾದುಹೋಗುವವರು ನಾವು. ಕೊಲಾಬಾ-ಫೋರ್ಟಿನ ಖಾಸಗಿ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೇಟಿಲ್ಲ. ಒಳಹೊಕ್ಕವನನ್ನು ಯಾರೂ ತಡೆಯುವುದಿಲ್ಲ. ಮುಂದೆ ಇವರ ಪ್ರದರ್ಶನ ಇಲ್ಲಿ ನಡೆದಾಗ ಅಜ್ಜಿಯಂದಿರನ್ನು ತಪ್ಪದೆ ಕರೆದುಕೊಂಡು ಹೋಗಿ. ಕೂರಲು ಕುರ್ಚಿ ಸಿಗುವುದು ಕಡಿಮೆ, ಮಡಿಸುವ ಸ್ಟೂಲೊಂದನ್ನು ಚೀಲದಲ್ಲಿ ಇಟ್ಟುಕೊಂಡಿರಿ.