ಎರೆಗೆ ಒಗ್ಗಿದ ಗಾಡಿ

ಬೇಸಿಗೆಯಲ್ಲಿ ಮಾನ್ವಿ ಕಡೆಯ ಎರೆ ಹೊಲದ ದಾರಿ ಸಿಮೆಂಟಿನಷ್ಟು ಗಟ್ಟಿ. ಒಂದು ಹದ ಮಳೆ ಬೀಳಲಿ, ಅದೇ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ಉಂಡೆಗಟ್ಟಿ, ಗಾಲಿ ತಿರುಗದಂತೆ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ಕಚ್ಚಾ ದಾರಿಗೆ ಬೈಕು ಕೊಳ್ಳುವವರು ಸಿಸಿ ಕೇಳುವ ಮೊದಲು ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ನೋಡಬೇಕು.

2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200 ನನಗೆ ಹಿಡಿಸಿದ್ದು ಅದರ ಕಾಲುಗಳಿಂದ. ಮುಂದೆ 21 ಇಂಚಿನ ಗಾಲಿ, ಹಿಂದೆ 18, ಹೊಟ್ಟೆಯ ಕೆಳಗೆ 220 ಮಿ.ಮೀ. ಜಾಗ. ದೇವದುರ್ಗದ ಕಲ್ಲುದಾರಿಯಲ್ಲಿ ಸಣ್ಣ ಗಾಲಿ ಗುದ್ದಿ ನಿಲ್ಲುವಲ್ಲಿ ಇದು ಹತ್ತಿ ಇಳಿಯುತ್ತದೆ. ಹೆದ್ದಾರಿಯಲ್ಲಿ ಏದುಸಿರು ಬಿಡುತ್ತದೆ, ನಿಜ. ಹೆದ್ದಾರಿಗೆಂದು ಕೊಂಡವರು ಯಾರು?

ಅಲಂಕಾರದ ಸಾಮಾನು ಹಾಕಿಸಲು ರಾಯಚೂರಿನ ಮೇಸ್ತ್ರಿಯೊಬ್ಬರ ಬಳಿ ಹೋದರೆ, "ಮೊದ್ಲ ಹವಾ ಇಳಸ್ರಿ, ಆಮ್ಯಾಲೆ ರೊಕ್ಕ ಖರ್ಚ್ ಮಾಡ್ರಿ" ಎಂದರು. 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ಕೂತು ನೆಲ ಕಚ್ಚುತ್ತದೆ. ಆಸೆಬಿದ್ದು ಇನ್ನೂ ಇಳಿಸಿದೆ; ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬಂತು. ಕಾಲುವೆ ದಂಡೆಯ ಮೇಲೆ ಎರಡು ಮೈಲಿ ತಳ್ಳಿದೆ.

ಆಮೇಲೆ ಮಾಡಿಸಿದ್ದು ಎರಡೇ: ಇಂಜಿನ್ನಿನಡಿ ದಪ್ಪ ತಗಡು, ಹಿಂದೆ ಎರಡು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್. ಓಟ ತುಸು ತಗ್ಗಿತು, ಕೆಸರಿನಲ್ಲಿ ಎಳೆತ ಹೆಚ್ಚಿತು.

ಮನೆಗೆ ಬಂದ ಕೂಡಲೇ ಚೈನು ತೊಳೆಯಬೇಕು. ಮರುದಿನಕ್ಕೆ ಬಿಟ್ಟರೆ ಎರೆ ಬಿಡಿಸಲು ಸ್ಕ್ರೂಡ್ರೈವರೇ ಬೇಕು.