ತೂಕದ ಮೆಷಿನ್ನಿನ ದೊಡ್ಡಸ್ತಿಕೆ

ಮೈಕೈ ತುಂಬಿಕೊಂಡ ಡಯಾಲಿಸಿಸ್ ರೋಗಿಯೇ ಹೆಚ್ಚು ಕಾಲ ಬಾಳುತ್ತಾನೆ ಎಂಬ ಮಾತಿಗೆ ಎರಡು ದಶಕಗಳ ಪ್ರತಿಷ್ಠೆಯಿದೆ. ಕಾಮ್ಯಾರ್ ಕಲಂತರ್-ಜಾದೆ ಮತ್ತು ಸಂಗಡಿಗರು 2003ರಲ್ಲಿ ಇದನ್ನು ‘ರಿವರ್ಸ್ ಎಪಿಡೆಮಿಯಾಲಜಿ’ ಎಂದು ಕರೆದರು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕ) ಏರಿದಂತೆ ಸಾವು ಇಳಿಯುವ ಆ ಲೆಕ್ಕ ಸುಳ್ಳಲ್ಲ. ಆದರೆ ಅದಕ್ಕೆ ಹಾಕಿದ ಮಣೆ ಅಗತ್ಯಕ್ಕಿಂತ ಎತ್ತರದ್ದು.

ಐ.ಡಿ.ಹಳ್ಳಿಯಿಂದ ಮಧುಗಿರಿಗೋ ತುಮಕೂರಿಗೋ ಬಸ್ಸು ಹತ್ತಿ ಬರುವ ರೋಗಿಯನ್ನು ಸೂಜಿ ಹಾಕುವ ಮೊದಲೊಮ್ಮೆ, ನಾಲ್ಕು ಗಂಟೆ ಕಳೆದ ಮೇಲೊಮ್ಮೆ ತೂಗುತ್ತಾರೆ. ನೀರಿಳಿದ ಮೇಲೆ ಉಳಿಯಬೇಕಾದದ್ದು ‘ಡ್ರೈ ವೇಟ್’. ಎಷ್ಟು ನೀರು ತೆಗೆಯಬೇಕೆಂದು ತಿಳಿಯಲು ಅದು ಬೇಕೇ ಬೇಕು. ಆದರೆ ತೊಡೆಯ ಸ್ನಾಯು ಎರಡು ಕೆ.ಜಿ. ಕರಗಿ, ಹೊಟ್ಟೆಯ ಬೊಜ್ಜು ಎರಡು ಕೆ.ಜಿ. ಕೂಡಿಕೊಂಡರೆ ಮೆಷಿನ್ನಿನ ಪಾಲಿಗೆ ಏನೂ ಆಗಿಲ್ಲ.

ಈ ಕುರುಡನ್ನು ತೋರಿಸಿಕೊಟ್ಟ ಅಧ್ಯಯನಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಇಟಲಿಯ ಪೊಸ್ಟೊರಿನೊ, ಜೊಕ್ಕಾಲಿ ಮತ್ತಿತರರು 537 ರೋಗಿಗಳ ಹೊಟ್ಟೆಯ ಸುತ್ತಳತೆ ಹಿಡಿದು 2009ರಲ್ಲಿ ಪ್ರಕಟಿಸಿದ್ದು ಅದು. ಬಿಎಂಐಯನ್ನೂ ಉಳಿದ ಅಪಾಯಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ, ಸುತ್ತಳತೆ 10 ಸೆಂ.ಮೀ. ಹೆಚ್ಚಿದರೆ ಹೃದಯ-ರಕ್ತನಾಳದ ಸಾವಿನ ಅಪಾಯ ಸುಮಾರು ಶೇ. 37 ಹೆಚ್ಚು. ಓದುಗರು ಈ ಅಂಕಿಯನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ. ನನ್ನನ್ನು ತಡೆದು ನಿಲ್ಲಿಸುವುದು ಬಿಎಂಐಯನ್ನು ಸೇರಿಸಿದ ಆ ಲೆಕ್ಕದ ಕ್ರಮ. ಹೊಟ್ಟೆ ಬೆಳೆದಾಗ ತೂಕವೂ ಬೆಳೆಯುವುದು ಸಹಜ. ಎರಡನ್ನೂ ಒಂದೇ ಲೆಕ್ಕದೊಳಗೆ ಕೂರಿಸಿದರೆ ಟೇಪು ಬರಿಯ ಬೊಜ್ಜನ್ನು ಅಳೆಯುವುದಿಲ್ಲ. ಎತ್ತರ, ತೂಕ ಎರಡೂ ಒಂದೇ ಆಗಿರುವ ಇಬ್ಬರಲ್ಲಿ ಹೊಟ್ಟೆ ದೊಡ್ಡದಿರುವವನ ಮೈಯಲ್ಲಿ ಬೇರೆಲ್ಲೋ ಏನೋ ಕಡಿಮೆಯಿರಲೇಬೇಕು. ಎಲ್ಲಿ? ತೋಳಿನಲ್ಲಿ, ತೊಡೆಯಲ್ಲಿ, ಪೃಷ್ಠದಲ್ಲಿ. ಹಾಗಾದರೆ ಆ ಶೇ. 37 ಹೊಟ್ಟೆಯೊಂದರ ಮೇಲಿನ ದೂರಲ್ಲ. ಹೊಟ್ಟೆ ಬಂದು ಕೈಕಾಲು ಸೊರಗಿದ ಮೈಮಾಟದ ಮೇಲಿನ ದೂರು. ತೂಕ ಹೆಚ್ಚಿದ್ದವರು ಬದುಕಿದ್ದೇಕೆ ಎಂಬುದಕ್ಕೂ ಇಲ್ಲೇ ಒಂದು ಸುಳಿವಿದೆ: ತೂಕದೊಳಗೆ ಸ್ನಾಯುವೂ ಸೇರಿರುತ್ತದೆ.

ನಮ್ಮವರಿಗಂತೂ ಈ ಮೈಮಾಟ ಹೊಸದಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಮೈಯನ್ನೇ ಮುಂದಿಟ್ಟರು: ಇಬ್ಬರ ಬಿಎಂಐಯೂ 22.3, ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂಬ ಸುತ್ತಳತೆಯ ಗಡಿ ಬಂದದ್ದೂ ಇಂಥ ಕಾರಣಕ್ಕೇ.

ಇಲ್ಲಿಗೆ ಸಿ.ಟಿ. ಪಂಡಿತರು ಎದ್ದು ನಿಲ್ಲುತ್ತಾರೆ. ಟೇಪಿಗೆ ಚರ್ಮದಡಿಯ ಕೊಬ್ಬೂ ಕರುಳಿನ ಸುತ್ತಲ ಕೊಬ್ಬೂ ಒಂದೇ, ನೀರು ತುಂಬಿದ ಹೊಟ್ಟೆಯೂ ಅದಕ್ಕೆ ಬೊಜ್ಜೇ ಎನ್ನುತ್ತಾರೆ. ಒಪ್ಪಿದೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರ ಬೊಜ್ಜು ನೋಡಲು ಸಿ.ಟಿ. ಮಾಡುತ್ತಾರೆ? ತೆಗೆಯದ ಚಿತ್ರದ ನಿಖರತೆ ಯಾರಿಗೆ ಬೇಕು? ಇನ್ನೊಂದು ಪಂಗಡ, ತೂಕವಿದ್ದವರೇ ಬಾಳುತ್ತಾರೆಂಬ ಈ ವಿರೋಧಾಭಾಸವೆಲ್ಲ ಮರೀಚಿಕೆ, ಸೊರಗಿದವರು ಬೇಗ ತೀರಿಹೋಗುವುದರಿಂದ ಹಾಗೆ ಕಾಣುತ್ತದೆ ಎನ್ನುವವರದು. ಅವರ ವಾದದಲ್ಲಿ ಹುರುಳಿದೆ. ಆದರೂ ಜಗಳವನ್ನೆಲ್ಲ ಬಿಎಂಐ ಅಂಗಳದಲ್ಲೇ ಆಡಿ ಮುಗಿಸುತ್ತಾರೆ.

ಸುತ್ತಳತೆ ಇಳಿಸಿದ ಮಾತ್ರಕ್ಕೆ ಹೃದಯ ಉಳಿದೀತೆಂದು ನಾನೂ ಹೇಳುತ್ತಿಲ್ಲ. ಒಂದು ಅಂಕಿ ಇಳಿದರೆ ಅಪಾಯವೂ ಇಳಿಯಬೇಕೆಂದಿಲ್ಲ. 2,776 ಹಿಮೋಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2009ರಲ್ಲಿ ಹೊರಬಂದ ಅರೋರಾ ಪ್ರಯೋಗದಲ್ಲಿ ರೋಸುವಾಸ್ಟಾಟಿನ್ ಮಾತ್ರೆ ಕೆಟ್ಟ ಕೊಲೆಸ್ಟರಾಲನ್ನು ಚೆನ್ನಾಗಿಯೇ ಇಳಿಸಿತು, ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವುಗಳನ್ನು ಒಟ್ಟಾರೆ ಗಣನೀಯವಾಗಿ ಇಳಿಸಲಿಲ್ಲ. ಸುಣ್ಣಗಟ್ಟಿದ ರಕ್ತನಾಳ, ದಪ್ಪಗಟ್ಟಿದ ಹೃದಯದ ಗೋಡೆ ಬೇರೆಯೇ ದಾರಿಯ ರೋಗಗಳು.

ಆದರೂ ಟೇಪು ಬೇಕು, ಡಯಾಲಿಸಿಸ್ ಮುಗಿದು ನೀರಿಳಿದ ಮೇಲೆ, ಪಕ್ಕೆಲುಬಿನ ಕೆಳಗಂಚಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ಜೊತೆಗೆ ತೋಳಿನ ಸುತ್ತಳತೆಯೂ ಇರಲಿ. ಕಿಡ್ನಿ ಕಸಿಗೆ ಮುಂಚೆ ‘ತೂಕ ಇಳಿಸಿ’ ಎಂದಷ್ಟೇ ಹೇಳಿ ಕಳಿಸಿದರೆ ಮಧುಗಿರಿ ಸೀಮೆಯ ರೋಗಿ ಮೊದಲು ಬಿಡುವುದು ಹುರುಳಿ ಸಾರು, ಮೊಟ್ಟೆ. ಡಯಾಲಿಸಿಸ್ ಶುರುವಾಗುವ ಮುಂಚೆ ‘ಪ್ರೋಟೀನ್ ಕಡಿಮೆ ಮಾಡಿ’ ಎಂದದ್ದು ಕಿವಿಯಲ್ಲಿನ್ನೂ ಇರುತ್ತದೆ. ಶುರುವಾದ ಮೇಲೆ ಮೈತೂಕದ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ಮನೆಯವರಿಗೆ ಬಿಡಿಸಿ ಹೇಳುವವರು ಕಡಿಮೆ. ತಿಂಗಳು ಕಳೆದು ಮೆಷಿನ್ ಮೇಲೆ ನಿಂತಾಗ ಮೂರು ಕೆ.ಜಿ. ಇಳಿದಿರುತ್ತದೆ, ವಾರ್ಡಿನಲ್ಲಿ ಭೇಷ್ ಎನ್ನುತ್ತಾರೆ. ಇಳಿದದ್ದು ಯಾವುದೆಂದು ಆ ಮೆಷಿನ್ನನ್ನು ಕೇಳುವವರಿಲ್ಲ.