ಆರೋಪಿಯಲ್ಲ, ನೇರವಾಗಿ ಅಪರಾಧಿ

ನಾವೆಲ್ಲ 'ಗೂಂಡಾ ಕಾಯ್ದೆ' ಎಂದು ಕರೆಯುವ ಕರ್ನಾಟಕದ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಯಿತು. ಅದರ ಉದ್ದನೆಯ ಹೆಸರಿನೊಳಗೆ ಆಸಿಡ್ ದಾಳಿಕೋರರು, ಜೂಜುಕೋರರು, ಭೂಗಳ್ಳರ ಜೊತೆಗೆ 'ಡಿಜಿಟಲ್ ಅಫೆಂಡರ್' ಎಂಬ ಹೊಸಬನೂ ಬಂದು ಕೂತ.

ಯಾರೀತ? ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್‌ಗಳ ಹಕ್ಕುಸ್ವಾಮ್ಯವನ್ನು ವ್ಯಾಪಾರಕ್ಕಾಗಿ ಬೇಕೆಂದೇ ಉಲ್ಲಂಘಿಸುವವನು. ಇನ್ನೊಬ್ಬರ ಗುರುತಿನಲ್ಲಿ ಕಂಪ್ಯೂಟರ್ ಜಾಲದೊಳಗೆ ನುಗ್ಗಿ ಹಣ ಮಾಡುವವನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ರಿಂದ 75ರವರೆಗಿನ ಕಲಮುಗಳ ಅಪರಾಧ ಎಸಗುವವನು. ಪಠ್ಯವನ್ನು ಪದಪದವಾಗಿ ಓದುವುದೇ ಕಸುಬಾದ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಇಲ್ಲೊಂದು ಕಲ್ಲು ಸಿಗುತ್ತದೆ. 75ನೇ ಕಲಮು ಯಾವ ಅಪರಾಧವನ್ನೂ ಹೇಳುವುದಿಲ್ಲ. ದೇಶದ ಹೊರಗೆ ನಡೆದ ಕೃತ್ಯಗಳಿಗೂ ಕಾಯ್ದೆ ಅನ್ವಯಿಸುತ್ತದೆ ಎನ್ನುತ್ತದೆ, ಅಷ್ಟೇ. ಇಲ್ಲದ ಅಪರಾಧವೊಂದು ಪಟ್ಟಿಯಲ್ಲಿದೆ.

ಇದನ್ನು ಕರಡಿನ ಅಜಾಗರೂಕತೆ ಎಂದು ನಕ್ಕು ಬಿಡಬಹುದಿತ್ತು. ಆದರೆ ಇದು ಮುಂಜಾಗ್ರತಾ ಬಂಧನದ ಕಾನೂನು. ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಕಾರಣ ತಿಳಿಸಲು 5 ದಿನಗಳ ಗಡುವಿದೆ, ಸಲಹಾ ಮಂಡಳಿಯಿದೆ. ಆ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕು ಮಾತ್ರ ಬಂಧಿತನಿಗಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮೂ 3 ವರ್ಷಗಳವರೆಗೆ ಜೈಲಿಗೆ ಕಳಿಸಬಲ್ಲದು, ಆದರೆ ಕೋರ್ಟಿನಲ್ಲಿ ತಪ್ಪು ಸಾಬೀತಾದ ಮೇಲೆ. ಕನ್ನಡದ ಪತ್ರಿಕೆಗಳು 'ಆರೋಪಿ', 'ಅಪರಾಧಿ' ಎಂದು ಬೇರೆ ಬೇರೆ ಬರೆಯುವುದು ಈ ಅಂತರವನ್ನು ಕಾಯಲಿಕ್ಕೆ. ಗೂಂಡಾ ಕಾಯ್ದೆಯಲ್ಲಿ ಆ ಅಂತರವೇ ಇಲ್ಲ.

ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯಾದರೆ ಮಾತ್ರ ಬಂಧನ ಎಂಬ ಸಮರ್ಥನೆಯಿದೆ. ಆ ಷರತ್ತು ಕಾಯ್ದೆಯಲ್ಲಿ ಇರುವುದು ನಿಜ. ಆನ್‌ಲೈನ್ ವಂಚನೆಯಲ್ಲಿ ಜೀವಮಾನದ ಉಳಿತಾಯ ಕಳೆದುಕೊಂಡವರ ಸಂಕಟವೂ ನಿಜ. ಆದರೆ ಪುಸ್ತಕದ ನಕಲಿನಿಂದ ಯಾವ ಬೀದಿಯ ನೆಮ್ಮದಿ ಕೆಡುತ್ತದೆ? ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ, ಬೋಧನೆಗಾಗಿ ಮಾಡಿದ ಪ್ರತಿಗಳು ಉಲ್ಲಂಘನೆಯಲ್ಲ ಎಂದು 2016ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ವರ್ಷಗಟ್ಟಲೆ ವಾದ ನಡೆದ ಮೇಲೆ ಬಂದ ಮಾತದು. ಅಂಥದೇ ಪ್ರಶ್ನೆಯನ್ನು ಇಲ್ಲಿ ಒಬ್ಬ ಜಿಲ್ಲಾಧಿಕಾರಿಯೋ ಪೊಲೀಸ್ ಆಯುಕ್ತರೋ ತಮ್ಮ ಮನವರಿಕೆಯ ಮೇಲೆ ತೀರ್ಮಾನಿಸಬಹುದು.

ನನ್ನ ಓರಗೆಯವರಲ್ಲಿ ಹೆಚ್ಚಿನವರು ಓದಿದ್ದು ಇಂಥ ಅಂಗಡಿಗಳ ಪ್ರತಿಗಳಲ್ಲೇ. ವ್ಯಾಖ್ಯೆ ಹಿಡಿಯುವುದು ಓದಿದ ನಮ್ಮನ್ನಲ್ಲ, ಪುಟಕ್ಕೊಂದು ರೂಪಾಯಿ ಪಡೆದು ಪ್ರತಿ ಮಾಡಿಕೊಟ್ಟವನನ್ನು. ಶಿಕ್ಷಿಸಲು ಬೇರೆ ಕಾನೂನುಗಳಿವೆ. 'ಡಿಜಿಟಲ್ ಅಫೆಂಡರ್' ಎಂಬ ಪದ ಗೂಂಡಾ ಕಾಯ್ದೆಯಿಂದ ಹೊರಹೋಗಬೇಕು.